ಜಮಾ ಆಗದ ಪಿಸ್ತೂಲು

ದೀಪ ಸ್ವಲ್ಪ ಸಣ್ಣದು ಮಾಡಿ. ಹಾಂ... ಅಷ್ಟು ಸಾಕು. ಮಕ್ಕಳು ಮಲಗಿದವೋ ಇಲ್ಲವೋ ನೋಡಿಬಿಡಿ ಮೊದಲು.

ಇದು ಕರೂರಿನ ಹಂಪಮ್ಮನಿಗೆ ಆದದ್ದು. ಹಂಪಮ್ಮ ನಮ್ಮ ದೊಡ್ಡಮ್ಮನ ಮನೆಗೆ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಯಾರೋ ಅಂದದ್ದನ್ನು ಯಾರೋ ಕೇಳಿ ಇನ್ಯಾರೋ ಉಪ್ಪು ಖಾರ ಹಚ್ಚಿದ್ದಲ್ಲ. ಅವಳೇ ನಮ್ಮ ದೊಡ್ಡಮ್ಮನ ಕಟ್ಟೆಯ ಮೇಲೆ ಕೂತು ಹೇಳಿದ್ದು. ಹೇಳುವಾಗ ಒಂದು ಸಲವೂ ದನಿ ಏರಿಸಲಿಲ್ಲವಂತೆ.

ಎಪ್ಪತ್ತನಾಲ್ಕನೇ ಇಸವಿ. ಆಯುಧಪೂಜೆಯ ರಾತ್ರಿ. ಊರೆಲ್ಲ ಹೋಳಿಗೆ ಉಂಡು ಮಲಗಿತ್ತು. ಹಂಪಮ್ಮ ಒಬ್ಬಳೇ ಚಿದಾನಂದಪ್ಪ ಮಾಸ್ತರ ಮನೆಯಿಂದ ತನ್ನ ಮನೆಗೆ ಬರುತ್ತಿದ್ದಳು. ಮಾಸ್ತರ ಮನೆ ಊರ ಹೊರಗೆ, ಕಾಲುವೆಯ ಆಚೆ. ನಡುವೆ ದೊಡ್ಡ ಬಾವಿ. ಆ ಬಾವಿಯ ದಾರಿಯಲ್ಲಿ ಕತ್ತಲಾದ ಮೇಲೆ ಮೀಸೆ ಬಂದ ಗಂಡಸರೂ ಜೊತೆ ಹುಡುಕುತ್ತಿದ್ದರು. ಅವತ್ತು ಅವಳಿಗೆ ಹೆದರಿಕೆ ಅಂಬುದೇ ಬರಲಿಲ್ಲ. ಹೆದರಬೇಕೆಂದರೆ ಮನಸ್ಸಿನಲ್ಲಿ ಒಂದಿಷ್ಟು ಜಾಗ ಬೇಕಲ್ಲ... ಅವಳ ಮನಸ್ಸಿನ ತುಂಬ ಸಿಟ್ಟು ತುಂಬಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಕಾಗದವನ್ನು ಹೆಜ್ಜೆಗೊಮ್ಮೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಕಾಲುವೆಯ ತೂಬಿನಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಭತ್ತದ ಗದ್ದೆಯಲ್ಲಿ ಕಪ್ಪೆಗಳು. ಬಾವಿ ಹತ್ತಿರ ಬಂತು. ಕಪ್ಪೆಗಳು ಒಮ್ಮೆಲೇ ಸುಮ್ಮನಾದವು. ಗಾಳಿ ಇಲ್ಲ... ಆದರೂ ಬಾವಿಯ ರಾಟೆ ತಾನೇ ತಾನಾಗಿ ತಿರುಗಿತು. ಕಿರ್ರ್... ಕಿರ್ರ್...

ಆಮೇಲೆ ಹಿಂದಿನಿಂದ ಆ ಸದ್ದು. ಠಕ್. ಠಕ್. ಠಕ್.

ಬೂಟು. ಅಡಿಗೆ ಮೊಳೆ ಹೊಡೆದ ಮಿಲಿಟರಿ ಬೂಟು. ಕರೂರಿನಲ್ಲಿ ಅಂಥ ಬೂಟು ಹಾಕಿದವರು ಇಬ್ಬರೇ. ಒಬ್ಬ ಹುಲುಗಪ್ಪ. ಇನ್ನೊಬ್ಬ ಹಂಪಮ್ಮನ ಗಂಡ ಎರ್ರಣ್ಣ. ಎರ್ರಣ್ಣ ಸತ್ತು ಎರಡು ವರ್ಷ ಹತ್ತು ತಿಂಗಳಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕಾಗದ ಏನು ಅಂತ ಹೇಳದೆ ಮುಂದೆ ಹೋದರೆ ನಿಮಗೆ ತಿಳಿಯುವುದಿಲ್ಲ.

ಎರ್ರಣ್ಣ ಹಂಪಮ್ಮನಿಗೆ ಸೋದರಮಾವ. ತಾಯಿಯ ಕಿರಿ ತಮ್ಮ. ಮದುವೆಗೆ ಮುಂಚೆಯೂ ಮಾವ ಅನ್ನುತ್ತಿದ್ದಳು, ಮದುವೆಯಾದ ಮೇಲೂ ಮಾವ ಅಂತಲೇ. ಹುಲುಗಪ್ಪ ಅದೇ ಓಣಿಯವನು. ಇಬ್ಬರೂ ಒಂದೇ ಎಮ್ಮೆಯ ಹಾಲು ಕುಡಿದು ಬೆಳೆದವರು, ಒಂದೇ ಬೀಡಿಯನ್ನು ಇಬ್ಬರೂ ಎಳೆದು ಚಿದಾನಂದಪ್ಪ ಮಾಸ್ತರ ಕೈಯಲ್ಲಿ ಒದೆ ತಿಂದವರು. ಅರವತ್ತಮೂರರಲ್ಲಿ ಬಳ್ಳಾರಿಗೆ ಹೋಗಿ ಎದೆ ಅಳೆಸಿಕೊಂಡು ಒಂದೇ ದಿನ ಮಿಲಿಟರಿ ಸೇರಿದರು. ಹಂಪಮ್ಮ ಹುಲುಗಪ್ಪನನ್ನು ಅಣ್ಣ ಅಂತ ಕರೆದಳು. ಬಾಯಿಮಾತಿಗಲ್ಲ, ಅವಳಿಗೆ ಒಡಹುಟ್ಟಿದ ಅಣ್ಣಂದಿರು ಇರಲಿಲ್ಲ.

ಮಿಲಿಟರಿಯಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟುವವರು ಸಾಹೇಬರು. ಇವರಂಥವರಿಗೆ ರೈಫಲ್ಲು. ಹತ್ತು ವರ್ಷ ಹೊತ್ತರೂ ಹೆಗಲು ಸವೆಯುತ್ತದೆ, ಸೊಂಟಕ್ಕೆ ಏನೂ ಬರುವುದಿಲ್ಲ. ಎಪ್ಪತ್ತೊಂದರ ಲಡಾಯಿಯಲ್ಲಿ ಒಂದು ಕಬ್ಬಿನ ಗದ್ದೆಯೊಳಗೆ ಎರ್ರಣ್ಣ ಆ ಕಡೆಯ ಒಬ್ಬ ಸಾಹೇಬನನ್ನು ಹಿಡಿದ. ಅವನ ಸೊಂಟದ ಪಿಸ್ತೂಲು ಎರ್ರಣ್ಣನ ಕೈಗೆ ಬಂತು. ಆದರೆ ಕಾನೂನು ಬೇರೆ. ಲಡಾಯಿಗೆ ಹೊರಡುವ ಮುಂಚೆಯೇ ಸುಬೇದಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಓದಿ ಹೇಳಿದ್ದ. ಗೆದ್ದ ಹತ್ಯಾರು ಗೆದ್ದವನದಲ್ಲ, ಸರಕಾರದ್ದು. ಪಿಸ್ತೂಲು ಹಾಗಿರಲಿ, ಹಾರಿಸಿದ ತೋಟಾದ ಖಾಲಿ ಕೊಳವೆ ಕೂಡ ಊರಿಗೆ ಒಯ್ಯುವಂತಿಲ್ಲ. ಹಿಡಿದವನ ಹೆಸರಿಗೆ ಬರೆಸಬೇಕು, ಜಮಾ ಮಾಡಬೇಕು, ರಸೀದಿ ತಗೊಳ್ಳಬೇಕು.

ಬರೆದುಕೊಂಡರು. ಪಿಸ್ತೂಲಿನ ನಂಬರು, ಮುಂದೆ ಎರ್ರಣ್ಣನ ಹೆಸರು. ಮರುದಿನ ಬೆಳಗಿನ ಜಾವ ಎರ್ರಣ್ಣ ಸತ್ತ. ಪಿಸ್ತೂಲು ಮಾತ್ರ ಜಮಾ ಆಗಲೇ ಇಲ್ಲ.

ಊರಿಗೆ ಮೊದಲು ತಂತಿ ಬಂತು. ಜನವರಿ ಇಪ್ಪತ್ತಾರಕ್ಕೆ ಸಾಲೆಯಲ್ಲಿ ಎರ್ರಣ್ಣನ ಫೋಟೋ ಹಾಕಿ ಊದುಬತ್ತಿ ಹಚ್ಚಿದರು. ಹಂಪಮ್ಮನಿಗೆ ಮಕ್ಕಳಿರಲಿಲ್ಲ. ದಿನಾ ಸಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಆ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿ ಬರುವಳು. ಬೇಸಿಗೆಗೆ ಮುಂಚೆ, ಪಿಸ್ತೂಲು ಜಮಾ ಆಗಿಲ್ಲ ಅಂತ ಇನ್ನೊಂದು ಕಾಗದ ಬಂತು. ಪೊಲೀಸರು ಬಂದರು. ಅವಳ ಮನೆಯ ನೆಲ ಅಗೆದರು, ಭತ್ತದ ವಾಡೆ ಬಗ್ಗಿಸಿದರು, ಒಲೆಯ ಬೂದಿ ಕೂಡ ಕೆದರಿದರು. ಏನೂ ಸಿಗಲಿಲ್ಲ. ಊರಿಗೆ ಮಾತ್ರ ಮಾತು ಸಿಕ್ಕಿತು. ಎರ್ರಣ್ಣ ಸರಕಾರದ ಪಿಸ್ತೂಲು ಕದ್ದನಂತೆ. ಹೆಡ್ಮಾಸ್ತರ ಫೋಟೋ ಇಳಿಸಿ ಕಪಾಟಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟ.

ಅಲ್ಲಿಂದ ಹಂಪಮ್ಮನಿಗೆ ಬೇಕಾಗಿದ್ದುದು ಒಂದೇ. ಆ ಫೋಟೋ ಮತ್ತೆ ಗೋಡೆ ಏರಬೇಕು. ಮಾವ ಕಳ್ಳನಲ್ಲ ಅಂತ ಈ ಊರು ಬಾಯಿಬಿಟ್ಟು ಹೇಳಬೇಕು. ಅದಕ್ಕಾಗಿ ಎಷ್ಟು ದೂರ ಬೇಕಾದರೂ ನಡೆಯಲು ಅವಳು ತಯಾರಿದ್ದಳು.

ಆ ಬೇಸಿಗೆಯಲ್ಲಿ ಹುಲುಗಪ್ಪ ರಜೆಗೆ ಬಂದ. ಗೆಳೆಯನ ಮನೆಯ ಬಾಗಿಲಲ್ಲಿ ಕೂತು ಗೊಳೋ ಅಂತ ಅತ್ತ. ತಾನೇ ಮುಂದೆ ನಿಂತು ಹಂಪಮ್ಮನನ್ನು ಬಳ್ಳಾರಿಗೆ ಕರೆದುಕೊಂಡು ಹೋದ. ರಾತ್ರಿ ಸತ್ಯನಾರಾಯಣಪೇಟೆಯಲ್ಲಿ ಅವನ ನೆಂಟರ ಮನೆ. ಬೆಳಗ್ಗೆ ಮಿಲಿಟರಿಯವರ ವಿಚಾರಣೆ. ಮೇಜಿನ ಹಿಂದೆ ಸಾಹೇಬ, ಪಕ್ಕದಲ್ಲಿ ಟೈಪ್ ಮಾಡುವವನು. ಹುಲುಗಪ್ಪ ಹಿಂದಿಯಲ್ಲಿ ಮಾತಾಡಿದ. ಬಹಳ ಹೊತ್ತು ಮಾತಾಡಿದ. ನಡುನಡುವೆ ಕಣ್ಣೊರೆಸಿಕೊಂಡ. ಹಂಪಮ್ಮ ಕೈಮುಗಿದು ನಿಂತಿದ್ದಳು. ಆ ಹಿಂದಿಯಲ್ಲಿ ಅವಳಿಗೆ ತಿಳಿದದ್ದು ಮಾವನ ಹೆಸರು ಮಾತ್ರ. ಸಾಹೇಬ ಅವಳ ಕಡೆ ತಿರುಗಿ ಏನೋ ಕೇಳಿದ.

"ತಲಿ ಅಲ್ಲಾಡ್ಸು ತಂಗಿ," ಅಂದ ಹುಲುಗಪ್ಪ ಮೆಲ್ಲಗೆ.

ಅಲ್ಲಾಡಿಸಿದಳು. ಮತ್ತೆ ಕೇಳಿದ. ಮತ್ತೆ ಅಲ್ಲಾಡಿಸಿದಳು. ಟೈಪಿನ ಸದ್ದು ಟಕಟಕಟಕ ಅಂತ ನಡೆದೇ ಇತ್ತು. ಕೊನೆಗೆ ಹೆಬ್ಬೆಟ್ಟು ಒತ್ತಿಸಿ ಒಂದು ನಕಲು ಅವಳ ಕೈಗೆ ಕೊಟ್ಟರು. ಇದು ಪಿಂಚಣಿ ಕಾಗದ, ಯಾರಿಗೂ ತೋರಿಸಬೇಡ, ಜನರ ಕಣ್ಣು ಕೆಟ್ಟದ್ದು ಅಂದ ಹುಲುಗಪ್ಪ. ಹೊರಗೆ ಬಂದ ಮೇಲೆ ಮಿರ್ಚಿ ಮಂಡಕ್ಕಿ ಕೊಡಿಸಿದ. ಹಂಪಮ್ಮ ಆ ಕಾಗದವನ್ನು ಮದುವೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಹುಟ್ಟಿಸಿದ ದೇವರು ಅಣ್ಣನನ್ನು ಕೊಡದಿದ್ದರೂ ಆಮೇಲೆ ನೆನಪು ಮಾಡಿಕೊಂಡು ಕೊಟ್ಟ ಅಂತ ಓಣಿಯಲ್ಲೆಲ್ಲ ಹೇಳಿಕೊಂಡಳು.

ಈಗ ಆಯುಧಪೂಜೆಗೆ ಬರೋಣ.

ನಮ್ಮ ಕಡೆ ಆ ದಿನ ಮನೆಯ ಕಬ್ಬಿಣವೆಲ್ಲ ಹೊರಗೆ ಬರಬೇಕು. ಕುಡಗೋಲು, ಕೊಡಲಿ, ನೇಗಿಲಿನ ಗುಳ, ಈಳಿಗೆಮಣೆ, ಕಡೆಗೆ ಹಳೆಯ ಕತ್ತರಿ ಸಹ. ಒಂದನ್ನು ಮರೆತರೂ ಅದು ವರ್ಷವಿಡೀ ಮುನಿಸಿಕೊಂಡಿದ್ದು ಮನೆಯವರ ರಕ್ತ ನೋಡುತ್ತದೆ ಅಂತ ಮುದುಕಿಯರ ನಂಬಿಕೆ. ಹುಲುಗಪ್ಪ ಅಷ್ಟರಲ್ಲಿ ಮಿಲಿಟರಿ ಬಿಟ್ಟು ಊರಲ್ಲೇ ಇದ್ದ. ಅವತ್ತು ಬೆಳಗ್ಗೆ ದೇಶನೂರಿನಲ್ಲಿ ನೆಂಟರ ಟ್ರ್ಯಾಕ್ಟರಿಗೆ ಪೂಜೆ ಅಂತ ಹೋದವನು ಬರುವುದು ತಡವಾಯಿತು. ಅವನ ತಾಯಿ ವಿರೂಪಮ್ಮ ಕಾದಳು, ಕಾದಳು. ಹೊತ್ತು ಏರಿತು. ಮುದುಕಿ ತಾನೇ ಎದ್ದು ಎಲ್ಲ ಹೊರಗೆ ಜೋಡಿಸಿ ವಿಭೂತಿ ಹಚ್ಚಿದಳು.

ಹಂಪಮ್ಮ ಚೆಂಡುಹೂವು ಕೊಡಲು ಹೋಗಿದ್ದಳು. ಕುಡಗೋಲಿಗೂ ಕೊಡಲಿಗೂ ನಡುವೆ ಒಂದು ಕಪ್ಪು ವಸ್ತು. ಅದಕ್ಕೂ ಮೂರು ಬೆರಳ ವಿಭೂತಿ, ಕುಂಕುಮ, ಮೇಲೊಂದು ಹೂವು.

"ಅತ್ತಿ, ಇದೇನು?"

"ಹುಲುಗ್ಯಾ ಲಡಾಯಿಂದ ತಂದದ್ದವ್ವ. ಹೋದ ವರ್ಷ ಬಾಗಲಾ ಹಾಕ್ಕೊಂಡು ತಾನೇ ಪೂಜಿ ಮಾಡಿದ್ದ. ಈ ಸರ್ತಿ ಬರಲಿಲ್ಲ ನೋಡು. ಕಬ್ಬಿಣ ಉಪಾಸ ಇರಬಾರದಲ್ಲ."

ಮುದುಕಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದರೆ ವಾಡೆಯ ತಳದಿಂದ ಅದನ್ನು ತೆಗೆಯುತ್ತಲೇ ಇರಲಿಲ್ಲ. ಹಂಪಮ್ಮ ಕೂಗಲಿಲ್ಲ. ಕೈಮುಗಿದಳು. ಪ್ರಸಾದ ತಗೊಂಡಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಟ್ರಂಕು ತೆಗೆದಳು. ಎರಡು ವರ್ಷದಿಂದ ಮದುವೆಯ ಸೀರೆಯಲ್ಲಿ ಮಲಗಿದ್ದ ಆ ಕಾಗದ ಅವಳಿಗೆ ಮೊದಲ ಸಲ ಬೇರೆಯಾಗಿ ಕಂಡಿತು.

ಕತ್ತಲಾಗಲಿ ಅಂತ ಕಾದು ಮಾಸ್ತರ ಮನೆಗೆ ಹೋದಳು. ಊರಿನಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವರು ಅವರೇ. ಚಿದಾನಂದಪ್ಪ ಮಾಸ್ತರು ಕಂದೀಲಿನ ಹತ್ತಿರ ಹಿಡಿದು ಓದಿದರು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ನನ್ನ ಗಂಡ ತಾನು ಹಿಡಿದ ಪಿಸ್ತೂಲನ್ನು ಮನೆಗೆ ತರುತ್ತೇನೆಂದು ಪತ್ರ ಬರೆದಿದ್ದ. ಜಮಾ ಮಾಡುವ ಮನಸ್ಸು ಅವನಿಗಿರಲಿಲ್ಲ. ಆ ಪತ್ರವನ್ನು ನಾನು ಸುಟ್ಟಿದ್ದೇನೆ. ಇದು ನನ್ನ ಸ್ವಂತ ಹೇಳಿಕೆ.

ಮಾಸ್ತರು ಕನ್ನಡಕ ತೆಗೆದರು.

"ಇದು ನಿನ್ನ ಹೆಬ್ಬೆಟ್ಟೇನಮ್ಮ?"

"ಹೌದ್ರಿ."

ಮಾವ ಬರೆದಿದ್ದ ಪತ್ರಗಳನ್ನೆಲ್ಲ ಇದೇ ಮಾಸ್ತರು ಓದಿ ಹೇಳಿದ್ದರು. ಒಂದರಲ್ಲೂ ಪಿಸ್ತೂಲಿನ ಮಾತಿರಲಿಲ್ಲ. ಆಮೇಲೆ ಅವಳು ಎದ್ದು ಬಂದಳು. ಹಾಗೆ ಬರುವಾಗಲೇ ಆ ಬಾವಿ, ಆ ರಾಟೆ... ಆ ಬೂಟು.

ಠಕ್. ಠಕ್. ಅವಳ ಹಿಂದೆ ನಾಲ್ಕು ಮಾರು ದೂರದಲ್ಲಿ ಸದ್ದು ನಿಂತಿತು. ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಬಂತು. ಒದ್ದೆ ಉಣ್ಣೆಯ ವಾಸನೆ ಬಂತು. ಕರೂರಿನ ಸೆಕೆಯಲ್ಲಿ ಉಣ್ಣೆ ಯಾರು ಹಾಕುತ್ತಾರೆ...

"ಹಂಪಿ..."

ಪಿಸುಮಾತು. ಹಾಗೆ ಕರೆಯುವವನು ಒಬ್ಬನೇ. ಅವಳು ತಿರುಗಲಿಲ್ಲ. ತಿರುಗಿದರೆ ಇಲ್ಲವಾಗಿಬಿಟ್ಟರೆ ಅಂತ ಹೆದರಿ ತಿರುಗಲಿಲ್ಲವಂತೆ.

"ಮಾವ..."

"ಅದು ಎಲ್ಲೈತಿ?"

ಅವಳು ಕಾದಳು. ಹೇಗಿದ್ದೀ ಅನ್ನುತ್ತಾನೆ, ಉಂಡೆಯಾ ಅನ್ನುತ್ತಾನೆ ಅಂತ ಕಾದಳು. ಅವನು ಬೇರೇನೂ ಕೇಳಲಿಲ್ಲ.

"ಹುಲುಗಪ್ಪಣ್ಣನ ಮನ್ಯಾಗ ಐತಿ," ಅಂದಳು.

ರಾಟೆ ನಿಂತುಹೋಯಿತು. ಬಾವಿಯೊಳಗೆ ಒಂದು ಹನಿ ಬಿದ್ದದ್ದು ಕೇಳಿಸಿತು... ತೊಟ್.

"ಜಮಾ ಮಾಡಲೇ ಅಂತ ಅವನ ಕೈಯಾಗನ ಕೊಟ್ಟಿದ್ನಲ್ಲ... ನನಗ ಮುಂದಕ್ಕ ಹೋಗು ಅಂತ ಹುಕುಂ ಆಗಿತ್ತು. ಮಾಡಿಲ್ಲೇನು?"

ಸತ್ತವನಿಗೂ ಗೊತ್ತಿರಲಿಲ್ಲ. ಇಷ್ಟು ದಿನ ಅವನು ಎಲ್ಲೆಲ್ಲಿ ಹುಡುಕಿದ್ದನೋ. ಅವಳು ತಡೆದುಕೊಳ್ಳಲಾಗದೆ ಎಲ್ಲ ಹೇಳಿಬಿಟ್ಟಳು. ಪೊಲೀಸರು ಬಂದದ್ದು, ಫೋಟೋ ಇಳಿಸಿದ್ದು, ಬಳ್ಳಾರಿಗೆ ಹೋದದ್ದು.

"ನಾನೂ ತಲಿ ಅಲ್ಲಾಡ್ಸೀನಿ, ಮಾವ," ಅಂದಳು ಕೊನೆಗೆ. "ನನಗ ತಿಳೀಲಿಲ್ಲ."

ಬೂಟು ನಡೆಯಿತು. ಅವಳ ಮಗ್ಗುಲಿನಿಂದಲೇ ಹಾದು ಹೋಯಿತು. ತೋಳಿಗೆ ಚಳಿ ತಾಗಿತು. ನವಮಿಯ ಬೆಳದಿಂಗಳಿನಲ್ಲಿ ಒಂದು ಬೆನ್ನು ಕಂಡಿತು, ಹೆಗಲ ಮೇಲೆ ಹರಿದ ಕೋಟು. ಅದು ಅವಳ ಮನೆಯ ದಾರಿ ಹಿಡಿಯಲಿಲ್ಲ. ಹುಲುಗಪ್ಪನ ಮನೆಯ ಕಡೆ ಹೊರಳಿತು.

ಬೇರೆ ಹೆಂಗಸಾಗಿದ್ದರೆ ಅಲ್ಲೇ ಬಿದ್ದು ಜ್ವರ ಬಂದು ಸಾಯುತ್ತಿದ್ದಳು. ಹಂಪಮ್ಮ ಹಿಂದೆಯೇ ಹೋದಳು. ಹುಲುಗಪ್ಪನ ಮನೆಯ ಎದುರಿಗೆ ಹುಲ್ಲಿನ ಬಣವೆ ಇತ್ತು. ಅದರ ಮರೆಯಲ್ಲಿ ನಿಂತಳು.

ಬಾಗಿಲು ಬಡಿದ ಸದ್ದು, ಮೂರು ಸಲ. ಟಕ್, ಟಕ್, ಟಕ್. ಒಳಗೆ ಕೆಮ್ಮು. ಯಾರದು ಅಂದ ಹುಲುಗಪ್ಪ. ಅಗಳಿ ಸರಿಯಿತು... ಕರ್ರ್. ಬಾಗಿಲು ತೆರೆಯುತ್ತಲೇ ಎರಡು ಬೂಟುಗಳ ಹಿಮ್ಮಡಿ ಕೂಡಿದ ಸದ್ದು, ಠಪ್. ಆಮೇಲೆ ಹುಲುಗಪ್ಪ ಉಸಿರು ಒಳಕ್ಕೆ ಎಳೆದುಕೊಂಡದ್ದು ಬಣವೆಯವರೆಗೂ ಕೇಳಿಸಿತು. ಒಳಗೆ ಪೂಜೆಯ ತಟ್ಟೆ ಉರುಳಿತು, ಝಣ್ ಅಂತ. ಮತ್ತೆ ಏನೂ ಇಲ್ಲ...

ಖಟಕ್. ಟಕ್.

ಮಿಲಿಟರಿಯವರಿಗೆ ಒಂದು ಪದ್ಧತಿ ಉಂಟು. ಹತ್ಯಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಅದರ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದು, ಒಳಗೆ ಗುಂಡಿಲ್ಲ ಅಂತ ತೋರಿಸಿಯೇ ಕೊಡಬೇಕು. ಹತ್ತು ವರ್ಷ ಮಾಡಿದ ಕೈ. ಎದುರಿಗೆ ನಿಂತವನು ಯಾರಾದರೇನು, ಕೈ ತನ್ನ ಕೆಲಸ ಮಾಡಿತು.

"ಖಾಲಿ ಐತಿ... ನೋಡು," ಅಂದ ಹುಲುಗಪ್ಪ. ಅಳುತ್ತಿದ್ದ.

ಹಂಪಮ್ಮ ಗುಂಡಿನ ಸದ್ದಿಗೆ ಕಾದಳು. ಮುಚ್ಚಿಡುವುದೇಕೆ, ಅವಳೇ ನಮ್ಮ ದೊಡ್ಡಮ್ಮನ ಎದುರಿಗೆ ಒಪ್ಪಿಕೊಂಡಿದ್ದಾಳೆ. ಢಂ ಅನ್ನಲಿ ಅಂತ ಬಯಸಿದಳು. ಖಾಲಿ ಇದ್ದರೇನು, ದೆವ್ವಕ್ಕೆ ಒಂದು ಗುಂಡು ಸಿಗುವುದಿಲ್ಲವೇ? ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡು ನಿಂತಳು. ಎಷ್ಟೋ ಹೊತ್ತಾಯಿತು. ಕೊನೆಗೆ ಅವಳ ಮಾವನ ದನಿ ಕೇಳಿಸಿತು. ಮೆತ್ತಗೆ, ಸಲಿಗೆಯಿಂದ.

"ಲೇ ಹುಲುಗ್ಯಾ... ಬೀಡಿ ಐತೇನಲೇ?"

ಕಡ್ಡಿ ಗೀರಿದ ಸದ್ದು, ಚರ್ರ್... ಮನೆಯ ಕಟ್ಟೆಯ ಮೇಲೆ ಎರಡು ಕೆಂಪು ಚುಕ್ಕಿ. ಇಬ್ಬರೂ ಕೂತರು. ಗುಸುಗುಸು ಮಾತಾಡಿದರು. ಏನು ಮಾತು ಅಂತ ತಿಳಿಯಲಿಲ್ಲ. ಒಂದು ಸಲ ಎರ್ರಣ್ಣ ನಕ್ಕ. ಮೂಗಿನಿಂದ ಬರುವ ಅವನ ಆ ನಗು. ಅದನ್ನು ಒಂದು ಸಲ ಕೇಳಿದರೆ ಸಾಕು ಅಂತ ಅವಳು ಎಷ್ಟು ಸೋಮವಾರ ಉಪವಾಸ ಮಾಡಿದ್ದಳೋ. ಕೇಳಿದ್ದು ಹುಲ್ಲಿನ ಬಣವೆಯ ಮರೆಯಲ್ಲಿ ನಿಂತು. ನಗಿಸಿದವನು ಹುಲುಗಪ್ಪ.

ಚಂದ್ರ ಮುಳುಗಿದ. ಒಂದು ಚುಕ್ಕಿ ಆರಿತು. ಬೂಟು ಎದ್ದು ಸಿರುಗುಪ್ಪ ದಾರಿ ಹಿಡಿದು ಹೋಯಿತು. ಠಕ್. ಠಕ್. ಸದ್ದು ಕರಗುವವರೆಗೂ ಅವಳು ನಿಂತಿದ್ದು ಆಮೇಲೆ ಈಚೆಗೆ ಬಂದಳು. ಹುಲುಗಪ್ಪ ಕಟ್ಟೆಯ ಮೇಲೆ ಮುದುರಿಕೊಂಡು ಕೂತಿದ್ದ.

"ನನ್ನ ಬಗ್ಗಿ ಏನರ ಕೇಳಿದನೇನು?" ಅಂದಳು.

ಅವನು ಅವಳ ಮುಖ ನೋಡಿದ. ಇಲ್ಲ ಅಂತ ತಲೆ ಅಲ್ಲಾಡಿಸಿದ.

"ಒಂದು ಮಾತರ?"

"ಇಲ್ಲ ತಂಗಿ."

ಅವನು ಅವಳಿಗೆ ಹೇಳಿದ ನಿಜ ಅದೊಂದೇ ಅಂತ ಕಾಣುತ್ತದೆ. ಅದನ್ನಾದರೂ ಸುಳ್ಳು ಹೇಳಬಾರದಿತ್ತೇ. ಹಂಪಮ್ಮ ಮನೆಗೆ ಬಂದು ಬೆಳಗಾಗುವವರೆಗೆ ಕೂತೇ ಇದ್ದಳು.

ಮೂರನೆಯ ದಿನ ಸೈಕಲ್ಲಿನ ಮೇಲೆ ಪೊಲೀಸಿನವನು ಬಂದ. ಸಿರುಗುಪ್ಪ ದಾರಿಯಲ್ಲಿ ಆಗ ಒಂದು ಸಣ್ಣ ಔಟ್‌ಪೋಸ್ಟು ಇತ್ತು, ಈಗ ಅದರ ಗೋಡೆಯೂ ಇಲ್ಲ. ಅಲ್ಲಿಗೆ ಹುಲುಗಪ್ಪನನ್ನು ಕರೆಸಿದರು. ಹೋಗುವಾಗ ತಲೆ ತಗ್ಗಿಸಿಕೊಂಡು ಹೋದ. ಬರುವಾಗ ನೆಟ್ಟಗೆ ಬಂದ. ಪಿಸ್ತೂಲು ಆಯುಧಪೂಜೆಯ ರಾತ್ರಿಯೇ ಅಲ್ಲಿ ಜಮಾ ಆಗಿತ್ತು. ಪುಸ್ತಕದಲ್ಲಿ ಹೀಗೆ ಬರೆದಿತ್ತು. ಎರ್ರಣ್ಣ ಇದನ್ನು ಜಮಾ ಮಾಡಲೆಂದೇ ಹುಲುಗಪ್ಪನ ಕೈಗೆ ಕೊಟ್ಟಿದ್ದ. ಲಡಾಯಿಯ ಗದ್ದಲದಲ್ಲಿ ಸಾಮಾನಿನೊಳಗೆ ಸೇರಿ ಉಳಿದಿತ್ತು. ಕಣ್ಣಿಗೆ ಬಿದ್ದ ಕೂಡಲೇ ಹುಲುಗಪ್ಪ ತಾನಾಗಿ ತಂದು ಒಪ್ಪಿಸಿದ್ದಾನೆ. ಆ ರಾತ್ರಿ ಪಹರೆಯಲ್ಲಿದ್ದ ಮಾರೆಣ್ಣ ಎಂಬ ಪೊಲೀಸಿನವನು ಹುಲುಗಪ್ಪನ ಮುಖ ನೋಡಿ, ಅವತ್ತು ಬಂದವನು ಇವನಲ್ಲ ಅಂತ ಗೊಣಗಿದನಂತೆ. ನಿದ್ದೆಗಣ್ಣಲ್ಲಿ ನೋಡಿರುತ್ತೀ ಬಿಡು ಅಂದರು ಉಳಿದವರು.

ಎರಡು ತಿಂಗಳಿಗೆ ಮಿಲಿಟರಿಯಿಂದ ಕಾಗದ ಬಂತು. ಹತ್ಯಾರು ಸಿಕ್ಕಿದೆ, ಯಾರ ಮೇಲೂ ತಪ್ಪಿಲ್ಲ, ವಿಚಾರಣೆ ಮುಗಿಯಿತು. ಮುಂದಿನ ಜನವರಿ ಇಪ್ಪತ್ತಾರಕ್ಕೆ ಎರ್ರಣ್ಣನ ಫೋಟೋ ಮತ್ತೆ ಸಾಲೆಯ ಗೋಡೆ ಏರಿತು. ಮೊಳೆ ಹೊಡೆದವನು ಹುಲುಗಪ್ಪ. ಬಾವುಟ ಏರಿಸಿದವನೂ ಹುಲುಗಪ್ಪ. ದೋಸ್ತ ಅಂದರೆ ಹೀಗಿರಬೇಕು, ಸತ್ತವನ ಹೆಸರು ಉಳಿಸಿದ ಅಂತ ಊರು ಬಾಯಿಬಿಟ್ಟು ಹೇಳಿತು.

ಹಂಪಮ್ಮ ಬೇಡಿದ್ದು ಸಿಕ್ಕಿತಲ್ಲ ಅನ್ನುತ್ತೀರಿ. ತಡೆಯಿರಿ.

ಎರ್ರಣ್ಣ ಒಳ್ಳೆಯವನು, ಹುಲುಗಪ್ಪ ಒಳ್ಳೆಯವನು. ಹಾಗಾದರೆ ಎರ್ರಣ್ಣ ಪಿಸ್ತೂಲು ಕದಿಯಲು ಹೊರಟಿದ್ದ ಅಂತ ಹೇಳಿಕೆ ಕೊಟ್ಟವರು ಯಾರು? ಆ ಕಡತದಲ್ಲಿ ಸುಳ್ಳಾಗಿ ಉಳಿದದ್ದು ಒಂದೇ ಒಂದು ಹೆಬ್ಬೆಟ್ಟು. ಅದು ಹೇಗೋ ಊರಿಗೆ ಗೊತ್ತಾಯಿತು. ಪಿಂಚಣಿಯ ಆಸೆಗೆ ಕಟ್ಟಿಕೊಂಡ ಗಂಡನ ಮೇಲೆಯೇ ಬರೆಸಿದಳು ಅಂದರು ಹೆಂಗಸರು. ಹುಲುಗಪ್ಪನ ಎದುರಿಗೇ ಅಂದರು. ಅವನು ಕೆಳಗೆ ನೋಡಿಕೊಂಡು ನಿಂತಿದ್ದ, ಒಂದು ಮಾತು ಆಡಲಿಲ್ಲ. ಮರುದಿನ ಬೆಳಗ್ಗೆ ಹಂಪಮ್ಮ ಫೋಟೋದ ಗಾಜು ಒರೆಸಲು ಸಾಲೆಗೆ ಹೋದಳು. ನೀನು ಮುಟ್ಟಬೇಡಮ್ಮ, ಹುಡುಗರು ಒರೆಸುತ್ತಾರೆ ಅಂದ ಹೆಡ್ಮಾಸ್ತರ. ಅವಳು ಸೆರಗು ಬಿಟ್ಟುಕೊಂಡು ವಾಪಸು ಬಂದಳು.

ಯುಗಾದಿಯ ಆಸುಪಾಸಿನಲ್ಲಿ ಒಂದು ದಿನ ಚಿದಾನಂದಪ್ಪ ಮಾಸ್ತರನ್ನು ಕರೆದುಕೊಂಡು ಆ ಔಟ್‌ಪೋಸ್ಟಿಗೆ ಹೋದಳು. ಮಾರೆಣ್ಣ ಪಹರೆಯಲ್ಲಿದ್ದ. ಪಾಪ, ಪುಸ್ತಕ ತೆಗೆದು ತೋರಿಸಿದ. ಆ ರಾತ್ರಿ ಬಂದವನು ತಾನೇ ಪೆನ್ನು ಇಸಿದುಕೊಂಡು ಬರೆದಿದ್ದನಂತೆ. ಮಾಸ್ತರು ಸಾಲುಗಳ ಮೇಲೆ ಬೆರಳಾಡಿಸಿದರು. ಸಾಲುಗಳೆಲ್ಲ ಬಲಕ್ಕೆ ಹೋದಂತೆ ಮೇಲಕ್ಕೆ ಏರಿದ್ದವು. ಆ ಅಕ್ಷರವನ್ನು ತಿದ್ದಲು ಅವರು ನಾಲ್ಕು ವರ್ಷ ಛಡಿ ಮುರಿದಿದ್ದರು.

"ಎರ್ರಣ್ಣನ ಕೈ ಇದು," ಅಂದರು ಮಾಸ್ತರು.

ಕೊಟ್ಟವರು ಯಾರು ಅಂತ ಬರೆದಿದೆ, ಅದನ್ನು ಓದಿ ಅಂದಳು. ಹುಲುಗಪ್ಪ, ಕರೂರು ಅಂತ ಓದಿದರು. ಇನ್ನೊಂದು ಸಲ ಓದಿ ಅಂದಳು. ಓದಿದರು. ನನ್ನ ಹೆಸರು ಎಲ್ಲಾದರೂ ಇದೆಯೇ ನೋಡಿ ಅಂದಳು. ಮಾಸ್ತರು ಹಿಂದಿನ ಹಾಳೆ ನೋಡಿದರು, ಮುಂದಿನ ಹಾಳೆ ನೋಡಿದರು. ಅವಳಿಗೆ ತಿಳೀಲಿಲ್ಲ, ಅವಳ ತಪ್ಪಿಲ್ಲ... ಅಷ್ಟು ಬರೆಯಲು ಒಂದು ಸಾಲು ಸಾಕಿತ್ತು. ಜಾಗ ಬೇಕಾದಷ್ಟು ಖಾಲಿ ಇತ್ತು. ಸತ್ತ ಮೇಲೂ ದೋಸ್ತನ ಕಡೆಗೇ ನಿಂತ ನನ್ನ ಮಾವ, ಅಂದಳು ಹಂಪಮ್ಮ. ಅವತ್ತು ಅವಳು ಅತ್ತಳು ಅಂತ ಮಾಸ್ತರು ಹೇಳುತ್ತಿದ್ದರು.

ಮಾರೆಣ್ಣನಿಗೆ ಮರುಕ ಬಂತು. ದಾರಿಯವರೆಗೆ ಬಂದು, ಅತ್ತ ಇತ್ತ ನೋಡಿ, ಪಿಸುದನಿಯಲ್ಲಿ ಹೇಳಿದ.

"ಯಮ್ಮ, ಯಾರಿಗೂ ಹೇಳಿಲ್ಲ ನಾನು. ಆತ ರಸೀದಿ ತಗೊಂಡ, ಮಡಚಿ ಜೇಬಿನಾಗ ಇಟ್ಟುಕೊಂಡ. ಕುಂದ್ರು ಅಂದ್ರ ಕುಂದ್ರಲಿಲ್ಲ. ಮೆಟ್ಟಲಾ ಇಳದು ಮತ್ತ ತಿರುಗಿ ನಿಂತ. ಕುರುಗೋಡಿಗೆ ಹೋಗಾಕ ದಾರಿ ಯಾವುದ್ರಿ, ಅಂತ ಕೇಳಿದ. ನಾ ಕೈ ತೋರಿಸಿದೆ... ಆ ಕಡಿಗೆ ಹೋದ."

ಕುರುಗೋಡಿನಲ್ಲಿ ಎರ್ರಣ್ಣನಿಗೆ ಬೀಗರಿಲ್ಲ, ಬಳಗವಿಲ್ಲ. ಅವನ ಬಾಯಲ್ಲಿ ಆ ಊರಿನ ಹೆಸರನ್ನೇ ಹಂಪಮ್ಮ ಕೇಳಿರಲಿಲ್ಲ. ಆಮೇಲೆ ಅವಳು ಮೂರು ಸಲ ಕುರುಗೋಡಿಗೆ ಬಸ್ಸು ಹತ್ತಿ ಹೋದಳು. ಓಣಿ ಓಣಿ ತಿರುಗಿ, ಮಿಲಿಟರಿಯ ಎರ್ರಣ್ಣ ನಿಮ್ಮಲ್ಲಿ ಯಾರಿಗಾದರೂ ಗೊತ್ತೇನವ್ವ ಅಂತ ಕೇಳಿದಳು. ಯಾರಿಗೂ ಗೊತ್ತಿಲ್ಲ ಅಂದರು. ಒಬ್ಬಳು ಮಾತ್ರ ಏನೂ ಹೇಳದೆ ಬಾಗಿಲು ಮುಚ್ಚಿಕೊಂಡಳಂತೆ. ಅವಳು ಕಿವುಡಿ ಅಂದರು ಅಕ್ಕಪಕ್ಕದವರು.

ನಗಬೇಡಿ. ಆದದ್ದನ್ನು ಆದ ಹಾಗೆ ಹೇಳಿದ್ದೇನೆ. ಮಾರೆಣ್ಣ ಈ ಮಾತನ್ನು ಸಾಯುವವರೆಗೆ ಬದಲಿಸಲಿಲ್ಲ. ಕರೂರಿನ ದಾರಿ ಕೇಳಿದನೇನೋ, ನಿನಗೆ ತಪ್ಪಿ ಕೇಳಿಸಿರಬೇಕು ಅಂತ ನಮ್ಮ ದೊಡ್ಡಮ್ಮ ಅವನನ್ನು ಎಷ್ಟೋ ಸಲ ಪೀಡಿಸಿದ್ದಾಳೆ. ಇಲ್ಲವ್ವ, ಎರಡು ಸಲ ಕೇಳಿದ, ಎರಡು ಸಲವೂ ಕುರುಗೋಡು ಅಂತಲೇ ಅಂದ ಅನ್ನುತ್ತಿದ್ದ.